ಹಳೆ ಬಸ್ ಸ್ಟ್ಯಾಂಡ್ ಜಾಗದಲ್ಲಿ ಹೊಸ ಕಟ್ಟಡ: ಅಂಗಡಿ ಖಾಲಿ ಮಾಡುವ ಮುಂಚೆ ಕೇಳಬೇಕಾದ ಕಾಗದಗಳು

"ಸ್ಟ್ಯಾಂಡ್ ಊರ ಹೊರಗೆ ಹೋಗತೈತಂತ, ಹಳೆ ಜಾಗಾದಾಗ ದೊಡ್ಡ ಕಾಂಪ್ಲೆಕ್ಸ್ ಕಟ್ಟತಾರಂತ." ಈ ಮಾತು ಯಾವ ತಾಲೂಕು ಊರಿನಲ್ಲಿ ಎದ್ದರೂ ಮೊದಲು ಎದೆ ಡವಡವ ಅನ್ನುವುದು ಸ್ಟ್ಯಾಂಡ್ ಸುತ್ತಲಿನ ಅಂಗಡಿಯವರಿಗೆ. ಚಾದ ಅಂಗಡಿ, ಹಣ್ಣಿನ ಗಾಡಿ, ಬೀಡಾ ಅಂಗಡಿ, ಮೊಬೈಲ್ ರಿಪೇರಿ, ಕರದಂಟು ಮಾರುವವರು, ಲಾಡ್ಜ್, ಔಷಧಿ ಅಂಗಡಿ, ಇವರೆಲ್ಲರ ದಿನದ ಗಲ್ಲಾ ನಿಂತಿರುವುದು ಬಸ್ಸಿನಿಂದ ಇಳಿಯುವ ಕಾಲುಗಳ ಮೇಲೆ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಸ್ಟ್ಯಾಂಡಿಗೆ ದಿನಕ್ಕೆ 200 ಸಲ ಬಸ್ ಬರುತ್ತವೆ ಅಂತ ಹಿಡಿಯಿರಿ. ಪ್ರತಿ ಬಸ್ಸಿನಿಂದ 15 ಜನ ಇಳಿದರೆ 3000 ಮಂದಿ. ಅವರಲ್ಲಿ ನೂರಕ್ಕೆ ಹತ್ತು ಜನ ಚಾ ಕುಡಿದರೂ 300 ಕಪ್. ಸ್ಟ್ಯಾಂಡ್ ಎರಡು ಕಿಲೋಮೀಟರ್ ಆಚೆ ಹೋದ ದಿನ ಆ 300 ಕಪ್ ಸಹ ಅದರ ಜೊತೆಗೇ ಹೋಗುತ್ತದೆ. ಹಳೆ ಜಾಗದಲ್ಲಿ ಕಾಂಪ್ಲೆಕ್ಸ್ ಎದ್ದು ಮತ್ತೆ ಜನ ಬರುವ ತನಕ ಆ ಅಂಗಡಿಯವ ಎಲ್ಲಿರಬೇಕು, ಏನು ಮಾಡಬೇಕು? ನೀಲನಕ್ಷೆಯಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ.

ಗೋಕಾಕ, ಹುಕ್ಕೇರಿ, ಮೂಡಲಗಿ ಭಾಗದ ವ್ಯಾಪಾರಸ್ಥರಿಗೆ ಉಪಯೋಗವಾಗಲಿ ಅಂತ, ರಾಜ್ಯದ ಬೇರೆ ಊರುಗಳಲ್ಲಿ ಹಳೆ ಬಸ್ ನಿಲ್ದಾಣದ ಜಾಗಗಳಿಗೆ ಏನಾಯಿತು, ಕಾನೂನು ಏನು ಹೇಳುತ್ತದೆ, ಯಾವ ಕಾಗದ ಎಲ್ಲಿ ಸಿಗುತ್ತದೆ ಎನ್ನುವುದನ್ನು ಇಲ್ಲಿ ಕೂಡಿಸಿದ್ದೇವೆ.

ಹಂಪನಕಟ್ಟೆಯ ಹೊಂಡ

ಊರ ನಡುವಿನ ಹಳೆ ಸ್ಟ್ಯಾಂಡ್ ಅಂದರೆ ಮೊದಲು ನೋಡಬೇಕಾದದ್ದು ಮಂಗಳೂರಿನ ಹಂಪನಕಟ್ಟೆ. ಊರಿನ ನಟ್ಟನಡುವೆ ಇದ್ದ ಈ ನಿಲ್ದಾಣದಿಂದ ಖಾಸಗಿ ಸರ್ವಿಸ್ ಮತ್ತು ಸಿಟಿ ಬಸ್ಸುಗಳನ್ನು 1990ರ ದಶಕದಲ್ಲಿ ನೆಹರೂ ಮೈದಾನದ ಪಕ್ಕಕ್ಕೆ, ಇವತ್ತು ಜನ ಸ್ಟೇಟ್ ಬ್ಯಾಂಕ್ ಎಂದು ಕರೆಯುವ ಜಾಗಕ್ಕೆ ಕಳಿಸಲಾಯಿತು. ಅದು ತಾತ್ಕಾಲಿಕ ವ್ಯವಸ್ಥೆ. ಶಾಶ್ವತ ಟರ್ಮಿನಲ್ ಪಂಪ್‌ವೆಲ್‌ನಲ್ಲಿ ಆಗಬೇಕು ಅಂತ ನಂತರ ತೀರ್ಮಾನವಾಗಿ, ಅದಕ್ಕಾಗಿ ಜಮೀನೂ ತೆಗೆದುಕೊಂಡರು. ಪಂಪ್‌ವೆಲ್‌ನ ಫ್ಲೈಓವರ್ ಕುಂಟುತ್ತ ಸಾಗಿ ಕಡೆಗೆ 2020ರ ಜನವರಿ 31ರಂದು ಸಂಚಾರಕ್ಕೆ ಸಿಕ್ಕಿತು. ಟರ್ಮಿನಲ್ ಮಾತ್ರ ಮೇಲೇಳಲಿಲ್ಲ. "ತಾತ್ಕಾಲಿಕ" ಸ್ಟೇಟ್ ಬ್ಯಾಂಕ್ ನಿಲ್ದಾಣವೇ ಊರಿನ ಖಾಯಂ ನಿಲ್ದಾಣವಾಗಿ ಕೂತಿತು.

ಇತ್ತ ಹಂಪನಕಟ್ಟೆಯ ಹಳೆ ಜಾಗ ವರ್ಷಗಟ್ಟಲೆ ಕಾರು ನಿಲ್ಲಿಸುವ ಬಯಲಾಗಿತ್ತು. ಊರಿನ ಅತಿ ದುಬಾರಿ ನೆಲದಲ್ಲಿ ಒಂದು, ಅಲ್ಲಿ ನಡೆದದ್ದು ಪಾರ್ಕಿಂಗ್. 2016ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಬಹುಮಹಡಿ ಕಾರ್ ಪಾರ್ಕಿಂಗ್ ಕಟ್ಟುವ ಯೋಜನೆ ಖಾಸಗಿ ಸಹಭಾಗಿತ್ವದಲ್ಲಿ ಬಂತು. ನೆಲ ಅಗೆದರು. ಹೊಂಡವಾಯಿತು. ಮಳೆಗಾಲದಲ್ಲಿ ನೀರು ನಿಂತಿತು. ಸ್ಮಾರ್ಟ್ ಸಿಟಿ ಮಿಷನ್ನಿನ ಅವಧಿ 2025ರ ಮಾರ್ಚ್ 31ಕ್ಕೆ ತೀರಿದಾಗಲೂ ಆ ಪಾರ್ಕಿಂಗ್ ಕಟ್ಟಡ ಜನರ ಬಳಕೆಗೆ ಸಿಕ್ಕಿರಲಿಲ್ಲ.

ಹಂಪನಕಟ್ಟೆ ಎಂಬ ಹೆಸರು ಹಿಂದೆ ಅಲ್ಲಿ ದಾರಿಹೋಕರಿಗೆ ಕಟ್ಟೆಯ ಮೇಲೆ ನೀರು ಕೊಡುತ್ತಿದ್ದ ಅಪ್ಪಣ್ಣ ಎಂಬವನಿಂದ ಬಂತು ಎಂದು ಊರವರು ಹೇಳುತ್ತಾರೆ. 2021ರಲ್ಲಿ ರಸ್ತೆ ಕೆಲಸಕ್ಕೆ ಅಗೆಯುವಾಗ ಅಲ್ಲೇ ಸಿಗ್ನಲ್ ಹತ್ತಿರ ಹಳೆಯ ಬಾವಿಯೊಂದು ಕಾಣಿಸಿಕೊಂಡು ಊರಿಗೆ ಊರೇ ನೋಡಲು ಹೋಗಿತ್ತು. ಅಗೆದ ಜಾಗದಲ್ಲಿ ಏನು ಸಿಗುತ್ತದೆ ಎನ್ನುವುದು ಟೆಂಡರಿನಲ್ಲಿ ಬರೆದಿರುವುದಿಲ್ಲ ನೋಡಿ.

ಆ ಊರಿನ ವ್ಯಾಪಾರಸ್ಥರಿಗೆ ಹೆಚ್ಚು ಪೆಟ್ಟು ಕೊಟ್ಟದ್ದು ಮಾತ್ರ ಪಕ್ಕದ ಸೆಂಟ್ರಲ್ ಮಾರ್ಕೆಟ್. 2020ರ ಏಪ್ರಿಲ್‌ನಲ್ಲಿ, ಕೊರೊನಾ ಲಾಕ್‌ಡೌನ್ ನಡುವೆ, ಮಾರುಕಟ್ಟೆ ಮುಚ್ಚಿ ವ್ಯಾಪಾರವನ್ನು ದೂರದ ಬೈಕಂಪಾಡಿ ಎಪಿಎಂಸಿಗೆ ಕಳಿಸುವ ಆದೇಶವಾಯಿತು. ವ್ಯಾಪಾರಿಗಳು ಹೈಕೋರ್ಟಿಗೆ ಹೋದರು. ವಾದ ಕಟ್ಟಡ ಹಳೆಯದೋ ಹೊಸದೋ ಎನ್ನುವುದಕ್ಕಿಂತ, ನಮ್ಮನ್ನು ಎಲ್ಲಿ ಕೂಡಿಸುತ್ತೀರಿ ಎನ್ನುವುದರ ಸುತ್ತಲೇ ಇತ್ತು. ನಮ್ಮ ಭಾಗದವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅಭಿವೃದ್ಧಿಗೆ ಬೇಡ ಅನ್ನುವ ವ್ಯಾಪಾರಸ್ಥ ಕಡಿಮೆ. ಬದಲಿ ಜಾಗದ ವಿಷಯ ಬರವಣಿಗೆಯಲ್ಲಿ ಇಲ್ಲದಾಗಲೇ ಜಗಳ ಶುರುವಾಗುವುದು.

ಹುಬ್ಬಳ್ಳಿ: ಬಸ್ ವಾಪಸ್ ಬಂದವು, ಆದರೆ

ಹುಬ್ಬಳ್ಳಿಯ ಹಳೆ ಬಸ್ ನಿಲ್ದಾಣ ನಮ್ಮವರಿಗೆ ಗೊತ್ತಿರುವ ಜಾಗ. ಚನ್ನಮ್ಮ ಸರ್ಕಲ್ ಪಕ್ಕ, ಕೊಪ್ಪಿಕರ ರೋಡಿಗೂ ಜನತಾ ಬಜಾರಿಗೂ ನಡೆದು ಹೋಗುವಷ್ಟು ಹತ್ತಿರ. ಗೋಕುಲ ರೋಡಿನಲ್ಲಿ ಹೊಸ ನಿಲ್ದಾಣವಾದ ಮೇಲೂ ಹಳೆಯದು ಸಾಯಲಿಲ್ಲ. ಹತ್ತಿರದ ಊರುಗಳ ಬಸ್ಸುಗಳು ಅಲ್ಲಿಂದಲೇ ಓಡುತ್ತಿದ್ದವು. ಹಳೆ ಕಟ್ಟಡ ಕೆಡವಿದ ಕಾಲದಲ್ಲಿ ಬಸ್ಸುಗಳನ್ನು ಹೊಸೂರಿನ ಟರ್ಮಿನಲ್‌ಗೆ ಕಳಿಸಿದರು. ಆ ಟರ್ಮಿನಲ್ ಮೊದಲೇ ಬಿಆರ್‌ಟಿಎಸ್ ಯೋಜನೆಯಲ್ಲಿ ಸಿದ್ಧವಾಗಿತ್ತು, ಅದೇ ಉಪಯೋಗಕ್ಕೆ ಬಂತು. ಹುಬ್ಬಳ್ಳಿ-ಧಾರವಾಡ ನಡುವಿನ ಸುಮಾರು 22 ಕಿಲೋಮೀಟರ್‌ನ ಚಿಗರಿ ಬಸ್ ಸೇವೆ 2018ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ 2020ರ ಫೆಬ್ರವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆಯಾದದ್ದು ನಿಮಗೆ ನೆನಪಿರಬಹುದು.

ಹೊಸ ಕಟ್ಟಡ ಅದೇ ಜಾಗದಲ್ಲಿ ಎದ್ದು 2025ರ ಆರಂಭದಲ್ಲಿ ಬಾಗಿಲು ತೆರೆಯಿತು. ಸುತ್ತಲಿನ ವ್ಯಾಪಾರಸ್ಥರು ಉಸಿರು ಬಿಟ್ಟರು ಅನ್ನುವಷ್ಟರಲ್ಲಿ, ಅದೇ ಏಪ್ರಿಲ್‌ನಲ್ಲಿ ಚನ್ನಮ್ಮ ಸರ್ಕಲ್‌ನ ಮೇಲ್ಸೇತುವೆ ಕೆಲಸಕ್ಕಾಗಿ ನಿಲ್ದಾಣದ ಕಡೆಯ ರಸ್ತೆಯನ್ನು ತಿಂಗಳುಗಟ್ಟಲೆ ಮುಚ್ಚುವ ಪ್ರಸಂಗ ಬಂತು. ಬಸ್ಸುಗಳು ಮತ್ತೆ ಬೇರೆ ಕಡೆ. ಕಟ್ಟಡ ಒಂದು ಇಲಾಖೆಯದ್ದು, ಅದರ ಮುಂದಿನ ರಸ್ತೆ ಇನ್ನೊಂದರದ್ದು. ಒಬ್ಬರ ಕ್ಯಾಲೆಂಡರ್ ಇನ್ನೊಬ್ಬರ ಗೋಡೆಯ ಮೇಲೆ ಇರುವುದಿಲ್ಲ. ಹೀಗಾಗಿ ಯಾವ ಊರಿನಲ್ಲೇ ಆಗಲಿ, ಸ್ಟ್ಯಾಂಡ್ ಕೆಲಸದ ಸಭೆಗೆ ಹೋದಾಗ "ಈ ರಸ್ತೆಯಲ್ಲಿ ಇನ್ನು ಮೂರು ವರ್ಷದಲ್ಲಿ ಒಳಚರಂಡಿ, ಪೈಪ್‌ಲೈನ್, ಸೇತುವೆ, ಅಗಲೀಕರಣ ಏನಾದರೂ ಇದೆಯಾ?" ಅಂತ ಲೋಕೋಪಯೋಗಿ ಇಲಾಖೆಯವರನ್ನೂ ಕೇಳಿಬಿಡುವುದು ಒಳ್ಳೇದು.

ಜಾಗ ಯಾರ ಹೆಸರಿನಲ್ಲಿದೆ?

"ಬಸ್ ಸ್ಟ್ಯಾಂಡ್ ಅಂದ ಮೇಲೆ ಸರ್ಕಾರದ್ದೇ ಅಲ್ವಾ" ಅಂತ ಸುಮ್ಮನಿರುವವರೇ ಜಾಸ್ತಿ. ವಿಷಯ ಅಷ್ಟು ಸರಳ ಇಲ್ಲ, ಅದಕ್ಕೆ ನಮ್ಮ ಭಾಗದ ಇತಿಹಾಸವೇ ಕಾರಣ.

ಹಳೆ ಮೈಸೂರಿನಲ್ಲಿ ಸರ್ಕಾರಿ ಬಸ್ ಶುರುವಾದದ್ದು 1948ರ ಸೆಪ್ಟೆಂಬರ್ 12ರಂದು, 120 ಬಸ್ಸುಗಳೊಂದಿಗೆ. ಆಗ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿನ ಎಸ್‌ಟಿ ಅದೇ 1948ರ ಜೂನ್ 1ರಂದು ಪುಣೆ-ಅಹಮದನಗರ ಮಾರ್ಗದಲ್ಲಿ ಓಡಾಟ ಆರಂಭಿಸಿತ್ತು. ನಮ್ಮ ಹಿರಿಯರು ಇವತ್ತಿಗೂ "ಎಸ್‌ಟಿ ಬಂತೇನ?" ಅನ್ನುವುದು ಆ ಕಾಲದ ರೂಢಿ. 1956ರ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1961ರ ಆಗಸ್ಟ್ 1ಕ್ಕೆ ರಾಜ್ಯ ರಸ್ತೆ ಸಾರಿಗೆ ನಿಗಮವಾಯಿತು. ಆ ನಿಗಮ ಒಡೆದು 1997ರ ನವೆಂಬರ್ 1ರಂದು ಹುಬ್ಬಳ್ಳಿ ಕೇಂದ್ರವಾಗಿ ವಾಯವ್ಯ ಸಾರಿಗೆ ಸಂಸ್ಥೆ ಹುಟ್ಟಿತು. ಅಂದರೆ ಮುಂಬೈ ಕಾಲದಿಂದ ಇರುವ ಸ್ಟ್ಯಾಂಡಿನ ನೆಲವನ್ನು ಹಿಡಿದುಕೊಂಡ ಕೈಗಳು ಹಲವು ಸಲ ಬದಲಾಗಿವೆ. ಪ್ರತಿ ಸಲವೂ ಉತಾರದಲ್ಲಿ ಹೆಸರು ಬದಲಾಯಿತು ಅಂತ ನಂಬಿ ಕೂರಬೇಡಿ.

ಕೆಲವು ಕಡೆ ನೆಲ ಪುರಸಭೆಯದ್ದು, ಬಸ್ಸಿನವರು ಕಟ್ಟಡ ಮಾತ್ರ ಕಟ್ಟಿಕೊಂಡಿರುತ್ತಾರೆ. ಕೆಲವು ಕಡೆ ಗಾಯರಾಣ ಜಮೀನು ಮಂಜೂರಾಗಿರುತ್ತದೆ. ಕೆಲವು ಕಡೆ ಭೂಸ್ವಾಧೀನ. ಇನ್ನು ಕೆಲವು ಊರುಗಳಲ್ಲಿ ಊರ ಹಿರಿಯರೋ ಮಠವೋ "ಸ್ಟ್ಯಾಂಡ್ ಆಗಲಿ" ಅಂತ ದಾನ ಕೊಟ್ಟ ನೆಲ. ಈ ನಾಲ್ಕರಲ್ಲಿ ಯಾವುದು ಅನ್ನುವುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ. ಪುರಸಭೆಯ ನೆಲವಾದರೆ ಬಸ್ ಹೋದ ಮೇಲೆ ಜಾಗ ಪುರಸಭೆಗೆ ಬರಬೇಕೋ ಬೇಡವೋ ಅನ್ನುವುದು ಹಳೆ ಕರಾರಿನಲ್ಲಿ ಇರುತ್ತದೆ, ಮಳಿಗೆ ಹರಾಜು ಮಾಡುವವರೂ ಬದಲಾಗುತ್ತಾರೆ. ಮಂಜೂರಾದ ಜಮೀನಿಗೆ ಮಂಜೂರಾತಿ ಆದೇಶದಲ್ಲಿ ಷರತ್ತು ಇರುತ್ತದೆ: ಇಂಥ ಉದ್ದೇಶಕ್ಕೆ ಮಾತ್ರ, ಇಲ್ಲದಿದ್ದರೆ ವಾಪಸ್. ದಾನಪತ್ರದಲ್ಲೂ ಅಂಥ ಷರತ್ತು ಇರಬಹುದು. ಅದನ್ನು ಓದದೆ ಮಾಲ್ ಕಟ್ಟಲು ಹೊರಟರೆ ದಾನಿಗಳ ಮೊಮ್ಮಕ್ಕಳು ಕೋರ್ಟಿನ ತಡೆಯಾಜ್ಞೆ ಹಿಡಿದು ಬರುತ್ತಾರೆ, ಕಟ್ಟಡ ಪಾಯದಲ್ಲೇ ನಿಲ್ಲುತ್ತದೆ. ಹಳೆ ಕಾಯ್ದೆಯಲ್ಲಿ ಸ್ವಾಧೀನವಾಗಿ ಪರಿಹಾರ ಕೊಟ್ಟ ಜಮೀನಾದರೆ, ಅದು ಹಳೆ ಮಾಲೀಕರಿಗೆ ಸುಲಭವಾಗಿ ವಾಪಸ್ ಹೋಗುವುದಿಲ್ಲ ಎಂದೇ ನ್ಯಾಯಾಲಯಗಳು ಸಾಮಾನ್ಯವಾಗಿ ಹೇಳುತ್ತ ಬಂದಿವೆ.

ಪಟ್ಟಣದೊಳಗಿನ ಜಾಗವಾದರೆ ಸಿಟಿ ಸರ್ವೆ ಕಚೇರಿಯಲ್ಲಿ ಸಿಟಿಎಸ್ ನಂಬರ್ ಹಿಡಿದು ಪ್ರಾಪರ್ಟಿ ಕಾರ್ಡ್ ತೆಗೆಸಿ. ಅಂಕಲಗಿಯಂಥ ಊರುಗಳಲ್ಲಿ ಹಳೆ ಸರ್ವೆ ನಂಬರ್ ಮೇಲೆ ಉತಾರ. ಈ ಕಾಗದಕ್ಕೆ ಆಗುವ ಖರ್ಚು ಒಂದು ಪ್ಲೇಟ್ ಮಿರ್ಚಿ ಭಜಿಗಿಂತ ಬಹಳ ಹೆಚ್ಚೇನಲ್ಲ, ಆದರೆ ಸಭೆಯಲ್ಲಿ ಮಾತನಾಡುವಾಗ ಅದರ ತೂಕವೇ ಬೇರೆ.

ಇನ್ನೊಂದು ವಿಷಯ. ಪಟ್ಟಣಕ್ಕೆ ಮಾಸ್ಟರ್ ಪ್ಲಾನ್ ಇದ್ದರೆ ಅದರಲ್ಲಿ ಸ್ಟ್ಯಾಂಡಿನ ಜಾಗವನ್ನು ಸಾಮಾನ್ಯವಾಗಿ ಸಾರಿಗೆ ಉದ್ದೇಶಕ್ಕೆ ತೋರಿಸಿರುತ್ತಾರೆ. ಅದನ್ನು ಪೂರ್ತಿ ವಾಣಿಜ್ಯಕ್ಕೆ ಬದಲಿಸಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಆ ಪ್ರಕಟಣೆ ಪೇಪರಿನ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ವ್ಯಾಪಾರಿ ಸಂಘದವರು ಒಬ್ಬರಿಗೆ ಆ ಮೂಲೆ ನೋಡುವ ಕೆಲಸ ಹಚ್ಚಬೇಕು.

ನಿಮ್ಮ ಅಂಗಡಿ ಲೀಸೋ, ಲೈಸೆನ್ಸೋ?

ಬಸ್ ಸ್ಟ್ಯಾಂಡ್ ಒಳಗಿನ ಮಳಿಗೆ ಹಿಡಿದವರಲ್ಲಿ ಬಹಳ ಜನ "ನಾನು ಬಾಡಿಗೆದಾರ, ಇಪ್ಪತ್ತು ವರ್ಷದಿಂದ ಇದ್ದೀನಿ, ನನ್ನನ್ನು ಯಾರು ಎಬ್ಬಿಸ್ತಾರೆ" ಅನ್ನುತ್ತಾರೆ. ಕರಾರು ಪತ್ರ ತೆಗೆದು ನೋಡಿ. ಸಾರಿಗೆ ಸಂಸ್ಥೆಯ ಮಳಿಗೆಗಳು ಸಾಮಾನ್ಯವಾಗಿ ಟೆಂಡರ್ ಮೂಲಕ ಕೊಟ್ಟ ಲೈಸೆನ್ಸ್ ಆಗಿರುತ್ತವೆ. ತಿಂಗಳಿಗೆ ಕಟ್ಟುವುದನ್ನು ಬಾಡಿಗೆ ಅನ್ನದೆ ಲೈಸೆನ್ಸ್ ಫೀ ಅಂತ ಬರೆದಿರುತ್ತಾರೆ. ಎರಡರ ನಡುವೆ ಅಜಗಜಾಂತರ. ಲೀಸ್ ಅಂದರೆ ಜಾಗದಲ್ಲಿ ನಿಮಗೆ ಒಂದು ಹಕ್ಕು ಹುಟ್ಟುತ್ತದೆ, ಅದು ಆಸ್ತಿ ವರ್ಗಾವಣೆ ಕಾಯ್ದೆಯ ವಿಷಯ. ಲೈಸೆನ್ಸ್ ಅಂದರೆ ವ್ಯಾಪಾರ ಮಾಡಲು ಕೊಟ್ಟ ಅನುಮತಿ ಮಾತ್ರ, ಅದು 1882ರ ಈಸ್‌ಮೆಂಟ್ ಕಾಯ್ದೆಯಡಿ ಬರುತ್ತದೆ. ಅನುಮತಿಯನ್ನು ಕರಾರಿನ ಷರತ್ತಿನಂತೆ ವಾಪಸ್ ಪಡೆಯಬಹುದು.

ಬಾಡಿಗೆ ಕಾಯ್ದೆ ಕಾಪಾಡುತ್ತದೆ ಅನ್ನುವ ಭರವಸೆಯೂ ಬೇಡ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಅವಧಿ ಮುಗಿದ ಮೇಲೆ ಜಾಗ ಬಿಡದಿದ್ದರೆ ಸಾರ್ವಜನಿಕ ಆವರಣಗಳಿಂದ ಅನಧಿಕೃತರನ್ನು ಹೊರಹಾಕುವ 1974ರ ಕಾಯ್ದೆಯ ಪ್ರಕಾರ ನೋಟಿಸ್ ಬರುತ್ತದೆ. ನೋಟಿಸಿಗೆ ಉತ್ತರ ಕೊಡುವ ಅವಕಾಶ ಇದೆ, ಆದೇಶದ ಮೇಲೆ ಜಿಲ್ಲಾ ನ್ಯಾಯಾಧೀಶರ ಮುಂದೆ ಮೇಲ್ಮನವಿಯೂ ಇದೆ. ಗಡುವು ಮಾತ್ರ ಕಡಿಮೆ ದಿನಗಳದ್ದು. ನೋಟಿಸ್ ಬಂದ ದಿನವೇ ವಕೀಲರ ಹತ್ತಿರ ಹೋಗಿ. ಗಲ್ಲಾದ ಕೆಳಗೆ ಇಟ್ಟು "ನಾಳೆ ನೋಡೋಣಂತ" ಅನ್ನಬೇಡಿ.

ಹೀಗಂದ ಮಾತ್ರಕ್ಕೆ ಕೈ ಚೆಲ್ಲಿ ಕೂರಬೇಕಿಲ್ಲ. ಲೈಸೆನ್ಸ್‌ದಾರನಿಗೂ ಕೇಳುವ ಹಕ್ಕು ಬಹಳ ಇದೆ. ಅವಧಿ ಮುಗಿಯುವ ಮುಂಚೆ ಎಬ್ಬಿಸಿದರೆ ಡಿಪಾಜಿಟ್ ಯಾವ ದಿನಾಂಕದೊಳಗೆ ವಾಪಸ್? ಕೆಲಸ ನಡೆಯುವಾಗ ತಾತ್ಕಾಲಿಕ ಶೆಡ್ ಕೊಟ್ಟರೆ ಅದರ ಫೀ ಹಳೆಯದೋ, ಕಡಿಮೆಯೋ? ಹೊಸ ಕಟ್ಟಡದಲ್ಲಿ ಹಳಬರಿಗೆ ಮೊದಲ ಅವಕಾಶ ಇದೆಯೋ, ಅಥವಾ ಎಲ್ಲರೂ ಹೊಸದಾಗಿ ಹರಾಜಿಗೇ ಬರಬೇಕೋ? ಸಾರ್ವಜನಿಕ ಆಸ್ತಿ ಆದ್ದರಿಂದ ಹರಾಜು ಇಲ್ಲದೆ ಮಳಿಗೆ ಹಂಚಿದರೆ ಅದೇ ಆಕ್ಷೇಪಣೆಗೆ ದಾರಿ. "ನಿಮಗೇ ಕೊಡ್ತೀವಿ ಬಿಡ್ರಿ" ಎಂಬ ಬಾಯಿಮಾತಿಗೆ ಬೆಲೆ ಇಲ್ಲದಿರುವುದು ಇದಕ್ಕೇ. ಮೊದಲ ಅವಕಾಶ ಕೊಡುವುದಾದರೆ ಅದು ಪುರಸಭೆಯ ಠರಾವಿನಲ್ಲಿ ಅಥವಾ ಸಂಸ್ಥೆಯ ಆದೇಶದಲ್ಲಿ ಮೊದಲೇ ಬರಬೇಕು, ಟೆಂಡರ್ ಷರತ್ತಿನಲ್ಲೂ ಸೇರಬೇಕು.

ನೀವು ಒಳ ಬಾಡಿಗೆದಾರರಾಗಿದ್ದರೆ, ಅಂದರೆ ಟೆಂಡರ್ ಒಬ್ಬರ ಹೆಸರಲ್ಲಿ, ಅಂಗಡಿ ನಡೆಸುವವರು ನೀವು, ಆಗ ನಿಮ್ಮ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಮ್ಮ ಊರುಗಳಲ್ಲಿ ಇದು ಎಷ್ಟು ಸಾಮಾನ್ಯ ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಸ್ಟ್ಯಾಂಡ್ ಕೆಡವುವ ದಿನ ಮೊದಲು ಬೀದಿಗೆ ಬರುವವರು ಇವರೇ.

ಡಬ್ಬಾ ಅಂಗಡಿ, ಕೈಗಾಡಿ, ಬುಟ್ಟಿಯವರು

ಗೇಟಿನ ಹೊರಗೆ ಗಾಡಿ ಹಚ್ಚಿಕೊಂಡವರ ಕತೆ ಬೇರೆ. ಅವರಿಗೆ ಕರಾರೂ ಇಲ್ಲ, ಡಿಪಾಜಿಟ್ಟೂ ಇಲ್ಲ. ಆದರೆ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇದೆ. ಪಟ್ಟಣದ ಸ್ಥಳೀಯ ಸಂಸ್ಥೆ ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ತನಕ ಬೀದಿ ವ್ಯಾಪಾರಿಯನ್ನು ಎಬ್ಬಿಸುವಂತಿಲ್ಲ. ಪ್ರಮಾಣಪತ್ರ ಇದ್ದವರನ್ನು ಬೇರೆ ಕಡೆ ಕಳಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆ ಇಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು.

ಈ ಕಾಯ್ದೆ ಪಟ್ಟಣಗಳಿಗಾಗಿ ಮಾಡಿದ್ದು. ಗ್ರಾಮ ಪಂಚಾಯತಿ ಮಟ್ಟದ ಊರಿನಲ್ಲಿ ಅದನ್ನೇ ಹಿಡಿದು ವಾದಿಸುವುದು ಕಷ್ಟ. ಅಲ್ಲಿ ಗ್ರಾಮಸಭೆಯಲ್ಲಿ ಎದ್ದು ಹೇಳಿ ನಡಾವಳಿಯಲ್ಲಿ ಬರೆಸುವುದೇ ದಾರಿ. ಪಟ್ಟಣದವರು ಮಾತ್ರ ಇವತ್ತೇ ಹೋಗಿ ತಮ್ಮ ಹೆಸರು ಸಮೀಕ್ಷೆಯಲ್ಲಿ ಇದೆಯೋ ಇಲ್ಲವೋ ನೋಡಬೇಕು. ಮುಂಜಾನೆ ಮಾತ್ರ ಗಾಡಿ ಹಚ್ಚುವವರು, ಸಂತೆ ದಿನ ಮಾತ್ರ ಬುಟ್ಟಿ ಇಟ್ಟು ಕೂರುವ ಅವ್ವಂದಿರು, ಸಮೀಕ್ಷೆಯವರು ಮಧ್ಯಾಹ್ನ ಬಂದರೆ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸ್ಟ್ಯಾಂಡ್‌ಗಳಲ್ಲಿ ಹೆಣ್ಣುಮಕ್ಕಳ ಓಡಾಟ ಕಣ್ಣಿಗೆ ಕಾಣುವಷ್ಟು ಹೆಚ್ಚಾಗಿದೆ. ಬಳೆ, ಹೂವು, ಮಕ್ಕಳ ಬಟ್ಟೆ ಮಾರುವವರಿಗೆ ಸ್ಟ್ಯಾಂಡಿನ ಬೆಲೆ ಮೊದಲಿಗಿಂತ ಏರಿದೆ. ಇಂಥ ಹೊತ್ತಿನಲ್ಲಿ ಸ್ಟ್ಯಾಂಡ್ ಸ್ಥಳಾಂತರ ಅಂದರೆ ನಷ್ಟದ ಲೆಕ್ಕವೂ ಏರುತ್ತದೆ.

ಖಾಸಗಿಯವರು ಕಟ್ಟಿದರೆ

ಸರ್ಕಾರದ ಹತ್ತಿರ ದುಡ್ಡಿಲ್ಲ ಅಂದಾಗ ಬರುವ ಮಾತು ಪಿಪಿಪಿ, ಅಂದರೆ ಖಾಸಗಿ ಸಹಭಾಗಿತ್ವ. ನೆಲ ಸರ್ಕಾರದ್ದು, ಹಣ ಗುತ್ತಿಗೆದಾರನದ್ದು. ಆತ ಕಟ್ಟಿ, ಇಂತಿಷ್ಟು ವರ್ಷ ಮಳಿಗೆ, ಪಾರ್ಕಿಂಗ್, ಜಾಹೀರಾತಿನ ಆದಾಯ ತಿಂದು, ಆಮೇಲೆ ಕಟ್ಟಡ ಒಪ್ಪಿಸಿ ಹೋಗುತ್ತಾನೆ. ಬೆಂಗಳೂರಿನ ಮೆಜೆಸ್ಟಿಕ್ ಕೆಂಪೇಗೌಡ ಬಸ್ ನಿಲ್ದಾಣವನ್ನೂ ಇದೇ ರೀತಿ ಹೊಸದಾಗಿ ಕಟ್ಟುವುದಾಗಿ 2025-26ರ ರಾಜ್ಯ ಬಜೆಟ್‌ನಲ್ಲಿ ಹೇಳಲಾಯಿತು. ಆ ನಿಲ್ದಾಣವೇ ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳ.

ಪಿಪಿಪಿ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಆದರೆ ಅದರ ಲೆಕ್ಕ ನಿಂತಿರುವುದು ಮಹಡಿಗಳ ಮೇಲೆ. ಬಸ್ಸಿನಿಂದ ಇಳಿದವನು ನೆಲಮಹಡಿಯ ಅಂಗಡಿಗೆ ಹೋಗುತ್ತಾನೆ, ಎರಡನೇ ಮಹಡಿಗೆ ಹತ್ತುವುದಿಲ್ಲ. ಬೆಂಗಳೂರಿನಲ್ಲಿ ಇದು ಪಿಪಿಪಿ ಇಲ್ಲದೆಯೂ ಕಂಡಿತು. ಅಲ್ಲಿ ಬಿಎಂಟಿಸಿ ಜೆ-ನರ್ಮ್ ಹಣದ ನೆರವಿನಿಂದ ಶಾಂತಿನಗರ, ಯಶವಂತಪುರ, ವಿಜಯನಗರ, ಕೋರಮಂಗಲ, ಬನಶಂಕರಿ ಮುಂತಾದ ಕಡೆ ಟಿಟಿಎಂಸಿ ಎಂಬ ದೊಡ್ಡ ಕಟ್ಟಡಗಳನ್ನು ಎಬ್ಬಿಸಿತು. ಬಾಡಿಗೆಗೆಂದೇ ಮಾಡಿದ ಮೇಲಿನ ಜಾಗದಲ್ಲಿ ಬಹಳಷ್ಟು ವರ್ಷಗಟ್ಟಲೆ ಖಾಲಿ ಬಿತ್ತು. ಬೆಂಗಳೂರಿನಲ್ಲೇ ಹೀಗಾದರೆ ತಾಲೂಕು ಊರಿನ ಮೂರನೇ ಮಹಡಿಗೆ ಯಾರು ಹತ್ತಬೇಕು?

ಕೇರಳದ ಕೋಝಿಕ್ಕೋಡ್‌ನ ಕೆಎಸ್‌ಆರ್‌ಟಿಸಿ ಟರ್ಮಿನಲ್ ಕತೆ ಇನ್ನೂ ವಿಚಿತ್ರ. ಊರ ನಡುವೆ ಹಳೆ ನಿಲ್ದಾಣದ ಜಾಗದಲ್ಲಿ ಬಹುಮಹಡಿ ವಾಣಿಜ್ಯ ಕಟ್ಟಡವಾಗಿ ಎದ್ದ ಅದು 2015ರಲ್ಲಿ ಉದ್ಘಾಟನೆಯಾಯಿತು. 2021ರಲ್ಲಿ ಮದ್ರಾಸ್ ಐಐಟಿಯವರು ಕಟ್ಟಡದ ಬಲ ಸಾಲದು ಎಂದು ವರದಿ ಕೊಟ್ಟರು. ಕೆಳಗೆ ಕಂಬಗಳು ಎಷ್ಟು ಇಕ್ಕಟ್ಟು ಅಂದರೆ 2022ರಲ್ಲಿ ಹೊಸ ಬಸ್ಸೊಂದು ಎರಡು ಕಂಬದ ನಡುವೆ ಸಿಕ್ಕಿಹಾಕಿಕೊಂಡಿತು. ಮೇಲೆ ಅಂಗಡಿ ಹೆಚ್ಚಿಸಬೇಕಾದರೆ ಕೆಳಗೆ ಕಂಬ ಹೆಚ್ಚು ಬೇಕು, ಕಂಬ ಹೆಚ್ಚಾದರೆ ಬಸ್ ತಿರುಗಲು ಜಾಗ ಇಲ್ಲ. ನಕ್ಷೆ ತೋರಿಸುವ ಸಭೆಯಲ್ಲಿ ಒಬ್ಬ ಅನುಭವಿ ಡ್ರೈವರ್‌ನನ್ನು ಮುಂದೆ ಕೂಡಿಸಿದರೆ ಅರ್ಧ ತಪ್ಪು ಅಲ್ಲೇ ಸಿಗುತ್ತದೆ.

ವ್ಯಾಪಾರಸ್ಥರಿಗೆ ಪಿಪಿಪಿಯಲ್ಲಿ ದೊಡ್ಡ ಅಪಾಯ ಡಿಪಾಜಿಟ್ ವಿಷಯ. ಮಳಿಗೆಗೆ ಮುಂಗಡ ಹಣ ಖಾಸಗಿ ಕಂಪನಿಗೆ ಕೊಟ್ಟಿರುತ್ತೀರಿ. ಕಂಪನಿ ಮತ್ತು ಸಂಸ್ಥೆಯ ನಡುವಿನ ಕರಾರು ಮುರಿದರೆ ನಿಮ್ಮ ಹಣ ಯಾರು ಕೊಡಬೇಕು? ಮೂಲ ಕರಾರಿನಲ್ಲಿ "ಗುತ್ತಿಗೆ ರದ್ದಾದರೂ ಮಳಿಗೆದಾರರ ಕರಾರು ಸಂಸ್ಥೆಗೆ ವರ್ಗವಾಗುತ್ತದೆ" ಎಂಬ ಅರ್ಥದ ಷರತ್ತು ಇದೆಯಾ ನೋಡಿ. ಇಲ್ಲದಿದ್ದರೆ ಕಟ್ಟಡ ಅರ್ಧಕ್ಕೆ ನಿಂತಾಗ ನೀವು ಸಾಲಗಾರರ ಸಾಲಿನ ಕೊನೆಯಲ್ಲಿ ನಿಂತಿರುತ್ತೀರಿ. ಕೆಲಸದ ಟೆಂಡರ್ ಕಾಗದಗಳು ಕೆಪಿಪಿಪಿ ಪೋರ್ಟಲ್‌ನಲ್ಲಿ ಸಿಗುತ್ತವೆ, ಇಂಟರ್ನೆಟ್ ಬಲ್ಲ ಹುಡುಗರಿಂದ ತೆಗೆಸಿ ಓದಿಸಬಹುದು.

ಬದಲಿ ಜಾಗ ಮೊದಲು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1939ರ ಟ್ರಾನ್ಸ್‌ಬೇ ಟರ್ಮಿನಲ್ ಅನ್ನು 2010ರಲ್ಲಿ ಕೆಡವಿದರು. ಕೆಡವುವ ಮುಂಚೆ ಸ್ವಲ್ಪವೇ ದೂರದಲ್ಲಿ ತಾತ್ಕಾಲಿಕ ಟರ್ಮಿನಲ್ ಕಟ್ಟಿ ಬಸ್ಸುಗಳನ್ನು ಅಲ್ಲಿಗೆ ತಿರುಗಿಸಿದ್ದರು. ಹೊಸದು 2018ರ ಆಗಸ್ಟ್‌ನಲ್ಲಿ ತೆರೆಯಿತು, ಸೆಪ್ಟೆಂಬರ್‌ನಲ್ಲೇ ಉಕ್ಕಿನ ತೊಲೆಯಲ್ಲಿ ಬಿರುಕು ಕಂಡು ಮುಚ್ಚಿತು, ಬಸ್ಸುಗಳು ಮರಳಿದ್ದು 2019ರಲ್ಲಿ. ಅಷ್ಟು ದೊಡ್ಡ ಕಟ್ಟಡಕ್ಕೂ ಹೀಗಾಗುತ್ತದೆ. ಆದರೆ ತಾತ್ಕಾಲಿಕ ನಿಲ್ದಾಣ ಕೈಯಲ್ಲಿದ್ದದ್ದರಿಂದ ಬಸ್ಸುಗಳು ಸುಮ್ಮನೆ ಅಲ್ಲಿಗೆ ತಿರುಗಿದವು, ಪ್ರಯಾಣಿಕರು ಊರ ನಡುವೆಯೇ ಉಳಿದರು.

ನಮ್ಮ ಕಡೆ ಮಾತ್ರ ಬಾಗಿಲು ಹಾಕುವುದು ಸುಲಭ, ತೆಗೆಯುವುದು ಕಷ್ಟ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಂಗಡಿಗಳನ್ನು ಮುಚ್ಚಿಸಿದರು. ಕೆಡವಬೇಕೋ, ಪಾರಂಪರಿಕ ಕಟ್ಟಡ ಅಂತ ಉಳಿಸಬೇಕೋ ಎಂಬ ಚರ್ಚೆಯಲ್ಲಿ ವರ್ಷಗಳು ಕಳೆದವು, ಹಳೆ ಪುಸ್ತಕ ಮಾರುತ್ತಿದ್ದವರು ದಿಕ್ಕಿಗೊಬ್ಬರಾದರು. ಹಳೆ ಕಟ್ಟಡ ಅಪಾಯಕಾರಿ ಅನ್ನುವುದು ಸುಳ್ಳಲ್ಲ, ಜೀವ ದೊಡ್ಡದು. ಅದಕ್ಕೇ ಕುಸಿಯುವ ತನಕ ಕಾಯದೆ, ಇನ್ನೂ ಸಮಯ ಇರುವಾಗಲೇ ಬದಲಿ ಜಾಗದ ಠರಾವು ಮಾಡಿಸಿಕೊಳ್ಳಬೇಕು.

ಡಿಪೋ ಸಹ ಸ್ಟ್ಯಾಂಡಿನ ಜೊತೆಗೇ ಇದ್ದರೆ ಇನ್ನೊಂದು ಕೆಲಸ ಇದೆ. ನೆಲದೊಳಗಿನ ಡೀಸೆಲ್ ಟ್ಯಾಂಕ್ ತೆಗೆಯಬೇಕು, ಅದಕ್ಕೆ ಕೇಂದ್ರದ ಪೆಸೊ ಸಂಸ್ಥೆಯ ನಿಯಮಗಳಿವೆ. ಎಣ್ಣೆ ಸೋರಿದ ಮಣ್ಣಿನಲ್ಲಿ ಬೋರ್ ಹೊಡೆದರೆ ನೀರು ಕುಡಿಯಲು ಬರುವುದಿಲ್ಲ. ಹೋಟೆಲ್ ಇಡುವವರು ಇದನ್ನು ಕೇಳಿಟ್ಟುಕೊಳ್ಳಿ.

ಅರ್ಜಿ ಹೇಗೆ, ಎಲ್ಲಿಗೆ

ಗೋಕಾಕ, ಹುಕ್ಕೇರಿ ಡಿಪೋಗಳು ವಾಯವ್ಯ ಸಾರಿಗೆಯ ಚಿಕ್ಕೋಡಿ ವಿಭಾಗಕ್ಕೆ ಸೇರುತ್ತವೆ. ಹಾಗಾಗಿ ಸಂಸ್ಥೆಯ ಕಾಗದ ಬೇಕಾದರೆ ಮಾಹಿತಿ ಹಕ್ಕು ಅರ್ಜಿಯನ್ನು ವಿಭಾಗೀಯ ಕಚೇರಿಯ ಮಾಹಿತಿ ಅಧಿಕಾರಿಗೆ ಹಾಕಬೇಕು. ಜಾಗ ಪುರಸಭೆ, ನಗರಸಭೆಯದ್ದಾದರೆ ಅಲ್ಲಿಯ ಮಾಹಿತಿ ಅಧಿಕಾರಿಗೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ತೊಡಕಿದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಊರಿನ ಕಷ್ಟವೆಲ್ಲ ಒಂದೇ ಹಾಳೆಯಲ್ಲಿ ಬರೆದ ಅರ್ಜಿ ತಿರಸ್ಕಾರವಾಗಿ ವಾಪಸ್ ಬರುತ್ತದೆ. ನೆಲದ ದಾಖಲೆಗೆ ಒಂದು ಅರ್ಜಿ, ಮಳಿಗೆದಾರರ ಪಟ್ಟಿ ಮತ್ತು ಕರಾರಿಗೆ ಇನ್ನೊಂದು, ಹೊಸ ಕಟ್ಟಡದ ಪ್ರಸ್ತಾವನೆ ಮತ್ತು ಠರಾವಿನ ನಕಲಿಗೆ ಮತ್ತೊಂದು, ಹೀಗೆ ಬಿಡಿಬಿಡಿಯಾಗಿ ಹಾಕಿ.

"ಯಾಕೆ ಹೀಗೆ ಮಾಡಿದಿರಿ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡುವ ಕಟ್ಟುಪಾಡು ಅವರಿಗಿಲ್ಲ. "ಇಂಥ ದಿನಾಂಕದ ಇಂಥ ಕಾಗದದ ದೃಢೀಕೃತ ನಕಲು ಕೊಡಿ" ಅಂತ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಬೆಳಗಾವಿಯಲ್ಲೂ ಇರುವುದರಿಂದ ಬೆಂಗಳೂರಿಗೆ ಓಡುವ ಅಗತ್ಯ ಬರಲಿಕ್ಕಿಲ್ಲ.

ಜೊತೆಗೆ ಮನೆಯಲ್ಲೇ ಒಂದು ಫೈಲ್ ಮಾಡಿ. ಟೆಂಡರ್ ಪತ್ರ, ಕರಾರು, ಡಿಪಾಜಿಟ್ ರಸೀದಿ, ಪ್ರತಿ ತಿಂಗಳ ಫೀ ಕಟ್ಟಿದ ಚಲನ್, ವ್ಯಾಪಾರ ಪರವಾನಗಿ, ಆಹಾರ ಮಾರುವವರಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ, ಕರೆಂಟ್ ಬಿಲ್. ಅಂಗಡಿಯ ಮುಂದೆ ನಿಂತು, ಬೋರ್ಡ್ ಕಾಣುವ ಹಾಗೆ ಫೋಟೋ ತೆಗೆದಿಡಿ. ಕೆಡವಿದ ಮೇಲೆ "ಇಲ್ಲಿ ಅಂಗಡಿಯೇ ಇರಲಿಲ್ಲ" ಅಂದರೆ ತೋರಿಸಲು ಏನಾದರೂ ಬೇಕಲ್ಲ. ಅರ್ಜಿಯನ್ನು ಒಬ್ಬೊಬ್ಬರೇ ಹಾಕುವುದಕ್ಕಿಂತ ಸಂಘದ ಲೆಟರ್‌ಹೆಡ್ಡಿನಲ್ಲಿ ಮನವಿ, ಮಾಹಿತಿ ಹಕ್ಕಿನಲ್ಲಿ ಮಾತ್ರ ಒಬ್ಬ ವ್ಯಕ್ತಿಯ ಹೆಸರು. ಮಾಹಿತಿ ಕೇಳುವ ಹಕ್ಕು ಕಾಯ್ದೆಯಲ್ಲಿ ಇರುವುದು ನಾಗರಿಕನಿಗೆ, ಸಂಘದ ಹೆಸರಿನಲ್ಲಿ ಹಾಕಿದರೆ ಅದೇ ನೆಪದಲ್ಲಿ ತಿರಸ್ಕರಿಸುವವರೂ ಇದ್ದಾರೆ. ಕೊಟ್ಟ ಪ್ರತಿ ಅರ್ಜಿಯ ಮೇಲೂ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ಟಪಾಲಿನಲ್ಲಿ ಕಳಿಸುವುದಾದರೆ ಸ್ಪೀಡ್ ಪೋಸ್ಟ್ ಚೀಟಿ ಫೈಲಿಗೇ ಹಚ್ಚಿಡಿ.